ಕಳೆದುಹೋದ ಸುತ್ತಿಗೆಯ ಊರಲ್ಲಿ ನಾಲ್ಕು ದಿನ

ಹೊರಡುವ ಹಿಂದಿನ ರಾತ್ರಿ ಆಯಿ ನನ್ನ ಚೀಲಕ್ಕೆ ಅರ್ಧ ಕೆಜಿ ಕಾಳುಮೆಣಸು ತುರುಕಿದಳು. ನಮ್ಮ ತೋಟದ್ದೇ. ಇಂಗ್ಲೆಂಡಿನಲ್ಲಿರುವ ಮಗಳಿಗೆ. "ಅಲ್ಲೂ ಸಿಗ್ತದೆ ಆಯಿ" ಅಂದೆ. "ಸಿಗೂದು ಬೇರೆ, ಮನೇದು ಬೇರೆ" ಅಂದಳು. ಆ ಅರ್ಧ ಕೆಜಿಗೆ ಜಾಗ ಮಾಡಲು ಒಂದು ಸ್ವೆಟರ್ ಶಿರಸಿಯಲ್ಲೇ ಉಳಿಯಿತು. ಮುಂದೆ ಒಂದು ತೊರೆಯ ನೀರಲ್ಲಿ ಮೊಣಕಾಲುದ್ದ ನಿಂತು ನಡುಗುವಾಗ ಆ ಸ್ವೆಟರಿನ ನೆನಪು ಚೆನ್ನಾಗಿ ಬಂತು.

ಅಕ್ಕ ಮತ್ತು ಭಾವ ಇರುವುದು ಇಂಗ್ಲೆಂಡಿನ ಪೂರ್ವ ಮೂಲೆಯ ಇಪ್ಸ್‌ವಿಚ್‌ನಲ್ಲಿ. ಭಾವನಿಗೆ ಐದು ವರ್ಷದಿಂದ ಒಂದು ಹುಚ್ಚು: ಶನಿವಾರ ಬಂದರೆ ಮೆಟಲ್ ಡಿಟೆಕ್ಟರ್ ಹೆಗಲಿಗೇರಿಸಿ ಯಾರದೋ ಗದ್ದೆಗೆ ಹೋಗುವುದು. ವಿಡಿಯೊ ಕಾಲ್‌ನಲ್ಲಿ ಕ್ಯಾಮೆರಾಕ್ಕೆ ಅಂಟಿಸಿ ಹಳೇ ಅಂಗಿಗುಂಡಿಗಳನ್ನು ತೋರಿಸುವ ಭಾವನನ್ನು ನೋಡಿ ಊರಲ್ಲಿ ಎಲ್ಲರಿಗೂ ನಗು. "ಮದುವೆ ಹೊತ್ತಲ್ಲಿ ಸಾಫ್ಟ್‌ವೇರ್ ಅಂದಿದ್ರು. ಈಗ ನೋಡಿದ್ರೆ ಮಣ್ಣು ಹೊರೋ ಕೆಲಸ" ಎಂದು ಅಕ್ಕನ ದೂರು. ಈ ಸೆಪ್ಟೆಂಬರಿನಲ್ಲಿ ನನಗೆ ಹತ್ತು ದಿನದ ರಜೆ ಸಿಕ್ಕಿತು. ವೀಸಾ, ವಿಮಾನ, ಹೀಥ್ರೋದ ಸಾಲು ಎಲ್ಲ ಎಲ್ಲರಿಗೂ ಆಗುವಂಥದ್ದೇ, ಬಿಡಿ. ಹತ್ತರಲ್ಲಿ ನಾಲ್ಕು ದಿನ ಭಾವನ ಹಿಂದೆ ಸಲಿಕೆ ಹಿಡಿದು ಅಲೆದೆ. ಆ ನಾಲ್ಕರದ್ದೇ ಈ ಕಥೆ.

ಮೊದಲ ದಿನ: ಬೂಟಿನ ಪ್ರಕರಣ

ಬೆಳಗ್ಗೆ ಆರೂವರೆಗೆ ಅಕ್ಕ ಎರಡು ಡಬ್ಬಿ ಚಿತ್ರಾನ್ನ ಕಟ್ಟಿಕೊಟ್ಟಳು. ಇಪ್ಸ್‌ವಿಚ್‌ನಿಂದ ಉತ್ತರಕ್ಕೆ ನಾರಿಚ್ ಕಡೆ ಹೋಗುವ ಎ140 ರಸ್ತೆ ಹಿಡಿದೆವು. ದಾರಿ ಬಹುಪಾಲು ನೇರ. "ರೋಮನ್ನರು ಹಾಕಿದ ಗೆರೆ ಇದು. ನಾವು ಬರೀ ಡಾಂಬರು ಬಳಿದಿದ್ದು" ಎಂದ ಭಾವ. 'ನಾವು' ಅಂತ ಹೇಳುವಷ್ಟು ವರ್ಷ ಅಲ್ಲಿ ಕಳೆದಿದ್ದಾನೆ. ಎರಡೂ ಕಡೆ ಗೋಧಿ ಕೊಯ್ದ ಕೂಳೆ ಗದ್ದೆ, ಅದರ ನಡುವೆ ತಿಳಿ ಗುಲಾಬಿ ಬಣ್ಣದ ಮನೆಗಳು. ಸಫೊಕ್ ಸೀಮೆಯಲ್ಲಿ ಮನೆಗೆ ಗುಲಾಬಿ ಬಳಿಯುವುದು ಹಳೇ ರೂಢಿಯಂತೆ. ನಮ್ಮಲ್ಲಿ ಮದುವೆಮನೆಗೆ ಮಾತ್ರ ಆ ಧೈರ್ಯ ಬರುತ್ತದೆ.

ನಾವು ಹೋದ ಗದ್ದೆ ವೇವ್ನಿ ಹೊಳೆಯ ಹತ್ತಿರದ್ದು. ಊರಿನ ಹೆಸರು ಬರೆಯಕೂಡದೆಂದು ಭಾವನ ಕಟ್ಟಪ್ಪಣೆ. ಕಾರಣ ಇದೆ. ರಾತ್ರಿ ಹೊತ್ತು ಕದ್ದು ಬಂದು ಅಗೆದು ಹೋಗುವವರು ಅಲ್ಲೂ ಇದ್ದಾರೆ, ಅವರನ್ನು ನೈಟ್‌ಹಾಕ್ ಎನ್ನುತ್ತಾರೆ. ಇದೇ ಜಿಲ್ಲೆಯ ರೆಂಡಲ್‌ಶಮ್‌ನಲ್ಲಿ ಜಮೀನಿನ ಒಡೆಯ ಇವರ ಕಾಟ ತಾಳಲಾರದೆ ಪುರಾತತ್ವದವರಿಗೆ ಹೇಳಿದ. ಅವರು 2008ರಿಂದ ನಾಲ್ಕು ಮಂದಿ ನಂಬಿಕಸ್ಥ ಡಿಟೆಕ್ಟರಿನವರನ್ನು ಇಟ್ಟುಕೊಂಡು ಗದ್ದೆಗಳನ್ನೆಲ್ಲ ಜಾಲಾಡಿದಾಗ ಆಂಗ್ಲೋ ಸ್ಯಾಕ್ಸನ್ ರಾಜರ ಬೀಡೇ ಹೊರಬಂತು. ಕಳ್ಳರ ದೆಸೆಯಿಂದ ಅರಮನೆ ಸಿಕ್ಕಿದ್ದು ಬಹುಶಃ ಅದೊಂದೇ ಕಡೆ.

ಯಜಮಾನ ಎಪ್ಪತ್ತು ದಾಟಿದ ರೈತ. ಗೇಟಿನ ಹತ್ತಿರ ಕಾಯುತ್ತಿದ್ದರು, ಪಕ್ಕದಲ್ಲಿ ಕಪ್ಪು ನಾಯಿ. ಭಾವನಿಗೂ ಅವರಿಗೂ ಸಹಿ ಹಾಕಿದ ಒಂದು ಕಾಗದ ಇದೆ: ಯಾವ ಗದ್ದೆ, ಯಾವ ತಿಂಗಳು, ಸಿಕ್ಕಿದ್ದರಲ್ಲಿ ಯಾರಿಗೆಷ್ಟು. ಕಾಗದ ಇಲ್ಲದೆ ಯಾರ ನೆಲಕ್ಕೂ ಕಾಲಿಡಬಾರದು, ಸ್ನೇಹ ಎಷ್ಟೇ ಇರಲಿ ಎನ್ನುತ್ತಾನೆ ಭಾವ. ಸರ್ಕಾರದ ಪಟ್ಟಿಯಲ್ಲಿ ರಕ್ಷಿತ ಸ್ಮಾರಕ ಎಂದು ನಮೂದಾದ ಜಾಗದಲ್ಲಂತೂ ಒಡೆಯ ಒಪ್ಪಿದರೂ ಯಂತ್ರ ಆಡಿಸುವಂತಿಲ್ಲ. ಮುದುಕರ ಮಾತಿನ ಕೊನೆಗೆಲ್ಲ 'ಬೋರ್', 'ಬೋರ್' ಅಂತ ಬರುತ್ತಿತ್ತು. ನಾನು ಅವರಿಗೆ ಬೇಜಾರಾಗಿದೆ ಅಂದುಕೊಂಡೆ. ಭಾವ ಕಿವಿಯಲ್ಲಿ ಹೇಳಿದ: "ಅದು ನಮ್ಮ 'ಮಾರಾಯ' ಇದ್ದ ಹಾಗೆ."

ನಾನು ಈ ಪ್ರವಾಸಕ್ಕೆಂದೇ ಬೆಂಗಳೂರಿನಲ್ಲಿ ಗಟ್ಟಿ ಬೂಟು ಕೊಂಡಿದ್ದೆ. ಭಾವ ತನ್ನ ಹಳೇ ಯಂತ್ರ ನನ್ನ ಕೈಗಿತ್ತು ಪಾಠ ಹೇಳಿದ. ತಟ್ಟೆಯಂಥ ಸುರುಳಿ ನೆಲಕ್ಕೆ ಕಾಂತಕ್ಷೇತ್ರ ಕಳಿಸುತ್ತದೆ. ಕೆಳಗೆ ಲೋಹ ಇದ್ದರೆ ಅದರಲ್ಲಿ ಸಣ್ಣ ವಿದ್ಯುತ್ ಸುಳಿ ಎದ್ದು ಮರುದನಿ ಕೊಡುತ್ತದೆ. ಕಬ್ಬಿಣಕ್ಕೆ ಗೊರಕೆಯಂಥ ಸದ್ದು, ತಾಮ್ರ ಬೆಳ್ಳಿಗೆ ಎತ್ತರದ ಸ್ವರ. ಒಂಟಿ ನಾಣ್ಯವಾದರೆ ಆರೆಂಟು ಅಂಗುಲದ ಆಚೆಗೆ ಸಾಮಾನ್ಯವಾಗಿ ಕೇಳಿಸದು. ಮಣ್ಣು ಒದ್ದೆಯಾಗಿದ್ದರೆ ಇನ್ನಷ್ಟು ಒಳ್ಳೆಯದು. ತಟ್ಟೆಯನ್ನು ನೆಲಕ್ಕೆ ಸಮನಾಗಿ, ಅಂಗಳ ಗುಡಿಸಿದ ಹಾಗೆ ಆಡಿಸಬೇಕು. ಕೊನೆಯಲ್ಲಿ ಕೈ ಎತ್ತಿದರೆ ಅಷ್ಟು ಅಗಲ ವ್ಯರ್ಥ.

ಗುಡಿಸಿದೆ. ಬಲಕ್ಕೆ ಬಂದಾಗ 'ಟೀಂ'. ಎಡಕ್ಕೆ ಬಂದಾಗ 'ಟೀಂ'. ಎದೆ ಹೊಡೆದುಕೊಂಡಿತು. ಒಂದು ಗುಂಡಿ ತೋಡಿದೆ, ಏನೂ ಇಲ್ಲ. ಎರಡು ಹೆಜ್ಜೆ ಮುಂದೆ ಹೋದರೆ ಮತ್ತೆ ಟೀಂ. ಆರು ಗುಂಡಿಯಾದ ಮೇಲೆ ಯಜಮಾನರು ಕೋಲೂರಿಕೊಂಡು ಬಂದು ನನ್ನ ಕಾಲು ನೋಡಿ ಏನೋ ಅಂದರು. ಭಾವ ಕೂಳೆಯ ಮೇಲೆ ಕೂತೇ ಬಿಟ್ಟ, ನಗು ತಡೆಯಲಾಗದೆ. ನನ್ನ ಬೂಟಿನ ಮೂತಿಯಲ್ಲಿ ಉಕ್ಕಿನ ಕವಚ ಇತ್ತು. ಒಂದು ಗಂಟೆ ನಾನು ನನ್ನದೇ ಹೆಬ್ಬೆರಳಿನ ನಿಧಿ ಹುಡುಕಿದ್ದೆ. ಅಂದಿನಿಂದ ಅಕ್ಕನ ರಬ್ಬರ್ ಬೂಟೇ ಗತಿ, ಒಂದು ಅಳತೆ ಚಿಕ್ಕದು.

ಬೂಟು ಬದಲಾದ ಮೇಲೆ ನೆಲ ನಿಜ ಹೇಳತೊಡಗಿತು. ನಿಜ ಅಷ್ಟೇನೂ ರುಚಿಯಾಗಿರಲಿಲ್ಲ. ಬಿಯರ್ ಡಬ್ಬದ ಕಿವಿ, ಬೇಟೆ ಕೋವಿಯ ತೋಟಾದ ಹಿತ್ತಾಳೆ ಬುಡ, ಟ್ರ್ಯಾಕ್ಟರಿನ ನಟ್ಟು. ಎರಡನೇ ಮಹಾಯುದ್ಧದಲ್ಲಿ ಈ ಸೀಮೆ ತುಂಬ ಅಮೆರಿಕದ ವಿಮಾನ ನೆಲೆಗಳಿದ್ದವು, ಮೇಲಿಂದ ಉದುರಿದ ದೊಡ್ಡ ಗುಂಡಿನ ಖಾಲಿ ಕೋಶ ಈಗಲೂ ಸಿಗುತ್ತದೆ. ನನಗೆ ಸಿಕ್ಕಿದ ಒಂದರ ಬುಡದಲ್ಲಿ 43 ಎಂದು ಇಸವಿ ಒತ್ತಿತ್ತು. ಖಾಲಿಯಲ್ಲದ್ದು, ಅಥವಾ ಬಾಂಬಿನಂತೆ ಕಾಣುವುದು ಏನಾದರೂ ಕಂಡರೆ ಮುಟ್ಟದೆ ದೂರ ಸರಿದು ಪೊಲೀಸರಿಗೆ ಫೋನ್ ಮಾಡಬೇಕೆಂದು ಭಾವ ಎರಡು ಸಲ ಹೇಳಿದ.

ಮತ್ತೆ ಗುಂಡಿಗಳು. ಅಂಗಿಯ ಗುಂಡಿ, ಕೋಟಿನ ಗುಂಡಿ, ಚಪ್ಪಟೆ ಹಿತ್ತಾಳೆ ಗುಂಡಿ. ಸಂಜೆಯೊಳಗೆ ಹದಿಮೂರು. ಇಷ್ಟೊಂದು ಜನ ಗದ್ದೆಯಲ್ಲಿ ಅಂಗಿ ಹರಿದುಕೊಂಡರೇ ಎಂದು ಕೇಳಿದೆ. ಹಿಂದಿನ ಕಾಲದಲ್ಲಿ ಪೇಟೆಯ ಕಸ, ಚಿಂದಿ, ಪಾಯಿಖಾನೆಯ ಗೊಬ್ಬರ ಎಲ್ಲ ಗಾಡಿಯಲ್ಲಿ ಹೊಲಕ್ಕೆ ಬರುತ್ತಿತ್ತಂತೆ. ಬಟ್ಟೆ ಕರಗಿತು, ಗುಂಡಿ ಉಳಿಯಿತು. ಈಗಲೂ ಅದೇ ನಡೆದಿದೆ, ಹೆಸರು ಬೇರೆ. ಪಕ್ಕದ ಗದ್ದೆಗೆ ಪೇಟೆಯ ಹಸಿ ಕಸದ ಕಾಂಪೋಸ್ಟ್ ಹಾಕಿದ್ದಾರೆ, ಅದರಲ್ಲಿ ಅಲ್ಯೂಮಿನಿಯಂ ಚೂರು ಎಷ್ಟಿದೆಯೆಂದರೆ ಅಲ್ಲಿ ಯಂತ್ರ ಇಟ್ಟರೆ ಸಂತೆಯಲ್ಲಿ ನಿಂತಂತೆ ಸದ್ದು. ಭಾವ ಆ ಬೇಲಿಯ ಕಡೆ ತಲೆ ಹಾಕಿ ನೋಡುವುದೂ ಇಲ್ಲ.

ಊರಿಗೆ ಫೋನ್ ಮಾಡಿದಾಗ ಆಯಿಯ ಮೊದಲ ಪ್ರಶ್ನೆ: "ಕೊಪ್ಪರಿಗೆ ಸಿಕ್ತಾ?"

ಎರಡನೇ ದಿನ: ಸುತ್ತಿಗೆ, ಮೆಣಸು, ಬಂಡಿಚಕ್ರ

ಬೆಳಗ್ಗೆ ಮಳೆ. ಇಂಗ್ಲೆಂಡಿನಲ್ಲೇ ಒಣ ಸೀಮೆ ಇದು, ವರ್ಷಕ್ಕೆ 600 ಮಿಲಿಮೀಟರಿನ ಆಸುಪಾಸು. ನಮ್ಮ ಮಲೆನಾಡಿನಲ್ಲಿ ಆಷಾಢ ಒಂದೇ ಅಷ್ಟನ್ನು ಸುರಿದು ಕೈತೊಳೆದುಕೊಳ್ಳುತ್ತದೆ. ಆದರೂ ಇವರು ಮಳೆಯ ಬಗ್ಗೆ ಆಡುವಷ್ಟು ಮಾತು ನಾವು ಆಡುವುದಿಲ್ಲ. ಜಿನುಗು ನಿಲ್ಲುವ ತನಕ ಹಾಕ್ಸನ್ ನೋಡಿ ಬರೋಣ ಎಂದ ಭಾವ. ಬರೆಯುವಾಗ ಅದು ಹೊಕ್ಸ್ನೆ ಎಂದೇನೋ ಓದಿಸುತ್ತದೆ, ಊರಿನವರ ಬಾಯಲ್ಲಿ ಹಾಕ್ಸನ್.

ಈ ಹಳ್ಳಿ ನೋಡಲು ನಾಲ್ಕು ಹಳ್ಳಿಯಂತೆಯೇ ಇದೆ. ಇಗರ್ಜಿ, ಹಸುರು ಬಯಲು, ಒಂದು ಪಬ್, ತೊರೆಯ ಮೇಲೊಂದು ಸೇತುವೆ. 1992ರಲ್ಲಿ ಇಲ್ಲಿನ ಒಬ್ಬ ಗೇಣಿ ರೈತ ಪೀಟರ್ ವಾಟ್ಲಿಂಗ್ ಗದ್ದೆಯಲ್ಲಿ ತನ್ನ ಸುತ್ತಿಗೆ ಕಳೆದುಕೊಂಡಿದ್ದ. ಗೆಳೆಯ ಎರಿಕ್ ಲಾಸ್‌ಗೆ, ನಿನ್ನ ಹತ್ತಿರ ಡಿಟೆಕ್ಟರ್ ಇದೆಯಲ್ಲ, ಹುಡುಕಿಕೊಡು ಎಂದ. ಲಾಸ್ ನಿವೃತ್ತ ತೋಟಗಾರ, ಯಂತ್ರ ನಿವೃತ್ತಿಯ ಉಡುಗೊರೆಯಾಗಿ ಬಂದದ್ದು. ನವೆಂಬರ್ 16ರಂದು ಸುತ್ತಿಗೆ ಹುಡುಕುತ್ತ ಹೋದವನಿಗೆ ಬೆಳ್ಳಿ ಚಮಚ, ಚಿನ್ನದ ಸರ, ನಾಣ್ಯ, ಮತ್ತೆ ನಾಣ್ಯ. ಕೊನೆಗೆ ಎಣಿಸಿದಾಗ 14,865 ರೋಮನ್ ನಾಣ್ಯ, ಜೊತೆಗೆ ಇನ್ನೂರರಷ್ಟು ಚಿನ್ನ ಬೆಳ್ಳಿಯ ಒಡವೆ, ಪಾತ್ರೆ.

ಭಾವ ಈ ಕಥೆ ಹೇಳುವಾಗ ಎಣಿಕೆಯ ಹತ್ತಿರ ನಿಲ್ಲುವುದಿಲ್ಲ. ಅವನು ನಿಲ್ಲುವುದು ಬೇರೆ ಕಡೆ. "ಅರ್ಧದಲ್ಲೇ ಅಗೆಯೋದು ನಿಲ್ಲಿಸಿದ್ನಲ್ಲ, ಅದು ನೋಡು." ಲಾಸ್ ಸಿಕ್ಕಷ್ಟನ್ನು ಹಿಡಿದು ಉಳಿದದ್ದನ್ನು ಹಾಗೇ ಬಿಟ್ಟು ಸುದ್ದಿ ಮುಟ್ಟಿಸಿದ. ಮರುದಿನವೇ ಪುರಾತತ್ವದವರು ಬಂದು ಉಳಿದದ್ದನ್ನು ಇದ್ದ ಜಾಗದಲ್ಲೇ ನೋಡಿ ತೆಗೆದರು. ಎಲ್ಲ ಒಂದು ಮರದ ಪೆಟ್ಟಿಗೆಯಲ್ಲಿ ಜೋಡಿಸಿಟ್ಟದ್ದು, ಪೆಟ್ಟಿಗೆ ಕೊಳೆತು ಹೋಗಿದೆ ಎಂದೆಲ್ಲ ಗೊತ್ತಾದದ್ದು ಅದರಿಂದ. ಬಹುಮಾನವಾಗಿ 17.5 ಲಕ್ಷ ಪೌಂಡ್ ಬಂತು, ಲಾಸ್ ಅದನ್ನು ವಾಟ್ಲಿಂಗ್ ಜೊತೆ ಹಂಚಿಕೊಂಡ. ಸುತ್ತಿಗೆಯೂ ಸಿಕ್ಕಿತು. ಈಗ ಅದೂ ಬ್ರಿಟಿಷ್ ಮ್ಯೂಸಿಯಮ್ಮಿನದೇ.

ನಮ್ಮ ಕಡೆ ನಿಧಿ ಅಂದರೆ ಏನು? ಅಂಜನ ಹಾಕಿ ನೋಡುವವನು, ಅಮಾವಾಸ್ಯೆ ರಾತ್ರಿ, ಕಾಯುವ ಸರ್ಪ, ಬಲಿ. ಬೆಳಗಾದರೆ ಪಾಳು ಗುಡಿಯ ನಂದಿಯ ಬುಡ ಅಗೆದಿರುತ್ತದೆ, ಲಿಂಗ ಪಕ್ಕಕ್ಕೆ ಉರುಳಿರುತ್ತದೆ. ನಮ್ಮೂರ ಹತ್ತಿರದ ಗುಡ್ಡದ ಮೇಲೆ ಅಂಥ ಒಂದು ನಂದಿಯನ್ನು ನಾನು ಸಣ್ಣವನಿದ್ದಾಗ ನೋಡಿದ್ದೆ, ಹೊಟ್ಟೆ ಒಡೆದಿತ್ತು. ಕಾನೂನು ನಮ್ಮಲ್ಲೂ ಹಳೆಯದೇ. ನೆಲದಲ್ಲಿ ಸಿಕ್ಕ ನಿಧಿಯ ಬೆಲೆ ಹತ್ತು ರೂಪಾಯಿ ಮೀರಿದರೆ ಕಲೆಕ್ಟರಿಗೆ ತಿಳಿಸಬೇಕೆಂದು 1878ರ ಕಾಯ್ದೆಯೇ ಹೇಳಿತ್ತು. ತಿಳಿಸಿದವನಿಗೆ ಮಾನ, ಹಣ ಎರಡೂ ಸಿಗುತ್ತದೆಂಬ ನಂಬಿಕೆ ಮಾತ್ರ ನಮ್ಮಲ್ಲಿ ಬೇರುಬಿಡಲಿಲ್ಲ, ಲಾಸ್‌ನ ಊರಲ್ಲಿ ಬಿಟ್ಟಿದೆ. ನನಗೆ ಕಂಡ ವ್ಯತ್ಯಾಸ ಅಷ್ಟೇ, ಅಲ್ಲಿನವರೇನು ದೇವರ ಮಕ್ಕಳಲ್ಲ.

ಆ ಪೆಟ್ಟಿಗೆಯಲ್ಲಿ ನಾಲ್ಕು ಬೆಳ್ಳಿಯ ಮೆಣಸಿನ ಡಬ್ಬಿ ಇದ್ದವು ಎಂದು ಭಾವ ಹೇಳಿದಾಗ ಮಾತ್ರ ನಾನು ಛತ್ರಿ ಕೆಳಗಿಳಿಸಿದೆ. ಕಾಳುಮೆಣಸು! ಐದನೇ ಶತಮಾನದ ಶುರುವಿನಲ್ಲಿ ಈ ಚಳಿ ಮೂಲೆಯಲ್ಲಿ ಪುಡಿ ಉದುರಿಸಿಕೊಂಡು ಉಂಡ ಮೆಣಸು ಬೆಳೆದದ್ದು ನಮ್ಮ ಪಶ್ಚಿಮ ಘಟ್ಟದ ಸಾಲಿನಲ್ಲಿ. ಪೆಟ್ಟಿಗೆಯ ಕೊನೇ ನಾಣ್ಯಗಳು 407-408ರವು. ಅದೇ 408ರಲ್ಲಿ ಗಾಥ್ ಜನರ ದೊರೆ ಅಲಾರಿಕ್ ರೋಮಿಗೆ ಮುತ್ತಿಗೆ ಹಾಕಿ, ಬಿಟ್ಟುಹೋಗಲು ಚಿನ್ನ ಬೆಳ್ಳಿಯ ಜೊತೆ ಮೂರು ಸಾವಿರ ಪೌಂಡ್ ತೂಕದ ಮೆಣಸು ಕೇಳಿದ್ದ. ಇತ್ತ ಬೆಂಗಳೂರಿನ ಯಶವಂತಪುರದ ಹತ್ತಿರ 1891ರಲ್ಲಿ ರೈಲು ಕೆಲಸಕ್ಕೆ ಅಗೆಯುವಾಗ 163 ರೋಮನ್ ಬೆಳ್ಳಿ ನಾಣ್ಯ ಸಿಕ್ಕಿತ್ತು. ಅವು ಇದಕ್ಕಿಂತ ಮೂರುನೂರಕ್ಕೂ ಹೆಚ್ಚು ವರ್ಷ ಹಳೆಯವು. ಇಲ್ಲಿನ ಮೆಣಸು ಅಲ್ಲಿಗೆ, ಅಲ್ಲಿನ ಬೆಳ್ಳಿ ಇಲ್ಲಿಗೆ. ಆಯಿ ಗೊತ್ತಿಲ್ಲದೆ ಹಳೇ ವ್ಯಾಪಾರ ಮುಂದುವರಿಸಿದ್ದಾಳೆ, ಬೆಳ್ಳಿ ಮಾತ್ರ ಬಂದಿಲ್ಲ.

ಸೇತುವೆಯ ಹೆಸರು ಗೋಲ್ಡ್‌ಬ್ರೂಕ್. ಒಂಬತ್ತನೇ ಶತಮಾನದಲ್ಲಿ ಕಡಲು ದಾಟಿ ದಂಡೆತ್ತಿ ಬಂದ ಡೇನರಿಂದ ತಪ್ಪಿಸಿಕೊಂಡ ಈ ಸೀಮೆಯ ಎಡ್ಮಂಡ್ ದೊರೆ ಇದರ ಕೆಳಗೆ ಅಡಗಿದ್ದನಂತೆ, ಅವನ ಹಿಮ್ಮಡಿಗೆ ಕಟ್ಟಿದ್ದ ಸವಾರನ ಚಿನ್ನದ ಮುಳ್ಳು (ಸ್ಪರ್) ನೀರಲ್ಲಿ ಹೊಳೆದದ್ದನ್ನು ಮದುವೆ ದಿಬ್ಬಣದ ಜೋಡಿ ನೋಡಿ ಹೇಳಿಬಿಟ್ಟಿತಂತೆ. ಸಾಯುವ ಮುಂಚೆ ಅವನು ಈ ಸೇತುವೆ ದಾಟುವ ವಧೂವರರಿಗೆಲ್ಲ ಶಾಪ ಕೊಟ್ಟ. ನಾವು ನಿಂತಿದ್ದಾಗ ನಾಯಿ ಹಿಡಿದು ಬಂದ ಅಜ್ಜಿಯೊಬ್ಬರನ್ನು ಕೇಳಿದೆ, ನೀವು ನಂಬುತ್ತೀರಾ ಅಂತ. "ನನ್ನ ಮದುವೆ ದಿನ ಸುತ್ತು ಬಳಸಿ ಇಗರ್ಜಿಗೆ ಹೋಗಿದ್ದೆ. ಆದರೂ ಅವನು ಕುಡುಕನೇ ಆದ" ಎಂದು ಮುಂದೆ ನಡೆದರು.

ಇನ್ನೊಂದು ವಿಷಯ ಇದೇ ಹಳ್ಳಿಯದ್ದು. 1797ರಲ್ಲಿ ಜಾನ್ ಫ್ರಿಯರ್ ಎಂಬಾತ ಇಲ್ಲಿನ ಇಟ್ಟಿಗೆ ಮಣ್ಣಿನ ಗುಂಡಿಯಲ್ಲಿ ಹನ್ನೆರಡು ಅಡಿ ಕೆಳಗೆ ಸಿಕ್ಕ ಕಲ್ಲಿನ ಕೈಗೊಡಲಿಗಳನ್ನು ನೋಡಿ, ಇವು ಲೋಹ ಅರಿಯದ ಜನ ಬಹು ಬಹು ಹಿಂದೆ ಮಾಡಿದ್ದು ಎಂದು ಲಂಡನ್ನಿನ ಪಂಡಿತರ ಸಂಘಕ್ಕೆ ಪತ್ರ ಬರೆದ. ಜಗತ್ತು ಹುಟ್ಟಿ ಆರು ಸಾವಿರ ವರ್ಷ ಎಂದು ನಂಬಿದ್ದ ಕಾಲ, ಯಾರೂ ಕಿವಿಗೊಡಲಿಲ್ಲ. ಅವನು ಹೇಳುವ ಮುಂಚೆ ಕೆಲಸದಾಳುಗಳು ಆ ಕೊಡಲಿಗಳನ್ನು ಬುಟ್ಟಿಗಟ್ಟಲೆ ಒಯ್ದು ರಸ್ತೆಯ ಗಾಲಿ ಗುಂಡಿಗೆ ಸುರಿದಿದ್ದರಂತೆ. ಅದಕ್ಕೆ ಯಾವ ಯಂತ್ರವೂ ಕೂಗುವುದಿಲ್ಲ, ಕಲ್ಲು.

ಪಬ್ಬಿನಲ್ಲಿ ಸಸ್ಯಾಹಾರಿಗೆ ಸಿಕ್ಕಿದ್ದು ಪ್ಲೌಮನ್ಸ್ ಲಂಚ್. ಉಳುವವನ ಊಟ ಎಂಬ ಹೆಸರಿಗೆ ತಕ್ಕಂತೆ ದಪ್ಪ ಬ್ರೆಡ್ಡು, ಚೀಸಿನ ಗಡ್ಡೆ, ಹಸಿ ಈರುಳ್ಳಿ, ಸಿಹಿ ಉಪ್ಪಿನಕಾಯಿ. ರೊಟ್ಟಿ, ಈರುಳ್ಳಿ, ಖಾರಕ್ಕೇ ಸರಿಸಾಟಿ, ಖಾರ ಒಂದು ಇಲ್ಲ.

ಎರಡು ಗಂಟೆಗೆ ಬಿಸಿಲು ಬಂತು, ಗದ್ದೆಗೆ ಓಡಿದೆವು. ನೆನೆದ ನೆಲ ಬೇರೆಯೇ ಸ್ವರದಲ್ಲಿತ್ತು. ಬೇಲಿಯ ಹತ್ತಿರ ಕಾಡುಹಣ್ಣಿನ ಪೊದೆ, ಬ್ಲ್ಯಾಕ್‌ಬೆರಿ ಕಿತ್ತು ತಿನ್ನಲು ಯಂತ್ರವನ್ನು ಕೆಳಗಿಟ್ಟೆ, ಇಟ್ಟಲ್ಲೇ ಅದು ಕೂಗಿತು. ಎತ್ತರದ, ದುಂಡನೆಯ, ಯಾವ ಕಡೆಯಿಂದ ಆಡಿಸಿದರೂ ಕದಲದ ದನಿ. ಒಂದು ಗೇಣು ಕೆಳಗೆ ಬಿಸ್ಕತ್ತಿನಷ್ಟು ಅಗಲದ ತಾಮ್ರ. ಅಂಗಿಗೆ ಉಜ್ಜಲು ಹೋದ ನನ್ನ ಕೈಯನ್ನು ಭಾವ ಹಿಡಿದ. "ಉಜ್ಜಬೇಡ! ಇನ್ನೂರು ವರ್ಷ ಉಳಿದದ್ದು ಎರಡು ಸೆಕೆಂಡಲ್ಲಿ ಹೋಗ್ತದೆ." ಮಣ್ಣಿನ ಕಣ ಮರಳು ಕಾಗದದ ಕೆಲಸ ಮಾಡುತ್ತದೆ. ಮಣ್ಣಿನ ಸಮೇತ ಜಿಪ್ ಚೀಲಕ್ಕೆ ಹಾಕಿ, ಜಾಗದ ಗುರುತನ್ನು ಫೋನಿನಲ್ಲಿ ಬರೆದು, ಗುಂಡಿ ಮುಚ್ಚಿ ತುಳಿದ ಮೇಲೆಯೇ ನೋಡುವುದು.

ಅದು 1797ರ ಒಂದು ಪೆನ್ನಿ. ಒಂದು ಔನ್ಸ್ ತೂಕ, ಅಗಲ ಅಂಚು, ಅಂಚಿನಲ್ಲಿ ಅಕ್ಷರ ಒಳಗೊತ್ತಿದ್ದು. ಅದಕ್ಕೇ ಜನ ಇದನ್ನು ಬಂಡಿಚಕ್ರ ಎಂದು ಕರೆದರು. ಬರ್ಮಿಂಗ್‌ಹ್ಯಾಮಿನಲ್ಲಿ ಮ್ಯಾಥ್ಯೂ ಬೋಲ್ಟನ್‌ನ ಸೋಹೊ ಟಂಕಸಾಲೆಯಲ್ಲಿ ಉಗಿ ಯಂತ್ರದಿಂದ ಒತ್ತಿದ್ದು. ಅಚ್ಚು ಕೊರೆದವನು ಕ್ಯೂಕ್ಲರ್. ಈ ಹೆಸರು ಎಲ್ಲೋ ಕೇಳಿದ್ದೇನೆ ಅನಿಸಿ ರಾತ್ರಿ ತಲೆ ಕೆಡಿಸಿಕೊಂಡಾಗ ನೆನಪಾಯಿತು. ಶ್ರೀರಂಗಪಟ್ಟಣ ಬಿದ್ದ ಮೇಲೆ ಕಂಪನಿಯವರು ತಮ್ಮ ಸೈನಿಕರಿಗೆ ಹಂಚಿದ ಪದಕ, ಸಿಂಹ ಹುಲಿಯನ್ನು ಕೆಡವುವ ಚಿತ್ರ, 1799ರ ಮೇ 4ರ ತಾರೀಖು. ಅದನ್ನೂ ಕೊರೆದವನು ಇದೇ ಕ್ಯೂಕ್ಲರ್, ಅದೇ ಸೋಹೊದಲ್ಲಿ. ಬೆಳಗ್ಗೆ ಸೇತುವೆ ಮೇಲೆ ಮೆಣಸಿನ ಲೆಕ್ಕ ಹಾಕಿ ಬೀಗಿದವನಿಗೆ ಈ ಲೆಕ್ಕ ಅಷ್ಟು ಹಗುರಾಗಿರಲಿಲ್ಲ. ನಿದ್ದೆ ತಡವಾಗಿ ಬಂತು.

ಮೂರನೇ ದಿನ: ತೊರೆ

ಗದ್ದೆಯ ಕೆಳಗಿನ ಅಂಚಿನಲ್ಲಿ ಒಂದು ತೊರೆ. ಹಿಂದೆ ಗಾಡಿಗಳು ದಾಟುತ್ತಿದ್ದ ಕಡವು ಅಲ್ಲಿತ್ತು ಎಂದು ಯಜಮಾನರ ಮಾತು. ಜನ ನೀರು ದಾಟುವಲ್ಲಿ ಜಾರುತ್ತಾರೆ, ಜಾರಿದಲ್ಲಿ ಜೇಬಿನದ್ದು ಉದುರುತ್ತದೆ, ಭಾವನ ಲೆಕ್ಕಾಚಾರ ಇಷ್ಟೇ. ಯಂತ್ರದ ತಟ್ಟೆ ನೀರಿಗೆ ಹೆದರುವುದಿಲ್ಲ, ಹೆದರುವುದು ಮನುಷ್ಯ. ನೀರು ಮೊಣಕಾಲಿನಷ್ಟೇ, ಆದರೆ ಫ್ರಿಜ್ಜಿನೊಳಗೆ ಕಾಲಿಟ್ಟ ಹಾಗೆ. ಹತ್ತು ನಿಮಿಷದಲ್ಲಿ ಅಕ್ಕನ ಬಲ ಬೂಟು ಕೆಸರಿಗೆ ಕಚ್ಚಿಕೊಂಡಿತು. ಕಾಲು ಬಂತು, ಬೂಟು ಬರಲಿಲ್ಲ. ಒಂಟಿ ಕಾಲಲ್ಲಿ ಕೊಕ್ಕರೆಯಂತೆ ನಿಂತವನನ್ನು ದಡದಿಂದ ನಾಯಿ ಬೊಗಳಿ ಬೈಯಿತು. ಸಲಿಕೆ ಹಾಕಿ ಮೀಟಿ ಬೂಟು ತೆಗೆಯುವಷ್ಟರಲ್ಲಿ ಭಾವ "ಬಾ ಇಲ್ಲಿ" ಎಂದ, ದನಿ ತಗ್ಗಿಸಿ.

ಅವನ ಅಂಗೈಯಲ್ಲಿ ಕಡಲೆಬೇಳೆಗಿಂತ ತುಸು ದೊಡ್ಡ ಬೆಳ್ಳಿಯ ಚೂರು. ಹೋಳಿಗೆಯನ್ನು ನಾಲ್ಕು ಪಾಲು ಮಾಡಿದಾಗಿನ ಒಂದು ಪಾಲಿನ ಆಕಾರ. 1279ರ ತನಕ ಅಲ್ಲಿ ಚಿಲ್ಲರೆಗೆಂದು ದುಂಡನೆಯ ಕಾಲು ಪೆನ್ನಿ ಇರಲಿಲ್ಲ. ಹಿಂಬದಿಯ ಶಿಲುಬೆಯ ಗೆರೆ ಹಿಡಿದು ಪೆನ್ನಿಯನ್ನೇ ಕತ್ತರಿಸಿ ಕೊಡುತ್ತಿದ್ದರು. ಇದರ ಜೋಡಿಗೆರೆಯ ಶಿಲುಬೆ ಅಂಚಿನ ತನಕ ಚಾಚಿದೆ, ಅಂದರೆ 1247ರ ನಂತರದ್ದು, ಮೂರನೇ ಹೆನ್ರಿಯ ಕಾಲ. ಹಾಲೇಬೀಡಿನಲ್ಲಿ ಹೊಯ್ಸಳರು ಇದ್ದಾಗ ಯಾರೋ ಇಲ್ಲಿ ಕಾಲುಕಾಸು ಕಳೆದುಕೊಂಡು ನೀರಲ್ಲಿ ತಡಕಾಡಿದ್ದಾನೆ.

ಅದರ ಗೇಣು ದೂರದಲ್ಲೇ ಇನ್ನೊಂದು ದನಿ. ನಾನು ಸಲಿಕೆ ಹಾಕಲು ಹೋದೆ, ಭಾವ ತಡೆದ. ಒಂಟಿ ನಾಣ್ಯ ಕಾನೂನಿನ ಕಣ್ಣಲ್ಲಿ ನಿಧಿಯಲ್ಲ. ಆದರೆ ಮುನ್ನೂರು ವರ್ಷ ಮೀರಿದ ಚಿನ್ನ ಬೆಳ್ಳಿಯ ನಾಣ್ಯ ಎರಡು ಒಂದೇ ಗಂಟಿನದ್ದಾದರೆ ನಿಧಿ. ಅಗ್ಗದ ಲೋಹವಾದರೆ ಹತ್ತು ಬೇಕು. 1996ರ ಕಾಯ್ದೆಯಂತೆ ಹದಿನಾಲ್ಕು ದಿನದೊಳಗೆ ಕರೋನರ್ ಎಂಬ ಅಧಿಕಾರಿಗೆ ವರದಿ ಆಗಬೇಕು. ಎರಡನೆಯದು ಬೆಳ್ಳಿಯಾದರೆ ಅಲ್ಲಿಗೇ ನಿಲ್ಲಿಸಬೇಕು. ಭಾವ ಮೊದಲು ಫೋಟೊ ತೆಗೆದ, ಗುರುತಿನ ಕಡ್ಡಿ ಊರಿದ, ಯಜಮಾನರಿಗೆ ಕೂಗಿ ಕರೆದ. ಮೂವರೂ ಬಗ್ಗಿ ನಿಂತೆವು. ನಾಯಿ ಸಹ. ಭಾವ ಬೆರಳಲ್ಲಿ ಕೆಸರು ಸರಿಸಿದ.

ಹಾಲಿನ ಬಾಟಲಿಯ ಬೆಳ್ಳಿ ಬಣ್ಣದ ಮುಚ್ಚಳ.

"ಅದು ನಮ್ಮದೇ, ಬೋರ್. ನನ್ನ ತಂಗಿ ಇಲ್ಲಿ ಹಾಲು ಕುಡಿದು ಎಸೆಯುತ್ತಿದ್ದಳು" ಎಂದು ಯಜಮಾನರು ಅದನ್ನು ಜೋಪಾನವಾಗಿ ಜೇಬಿಗೆ ಹಾಕಿಕೊಂಡರು. ಬೆಳ್ಳಿಯ ಕಾಲು ಪೆನ್ನಿಯ ಕಡೆ ಅಷ್ಟು ಹೊತ್ತು ನೋಡಿರಲಿಲ್ಲ.

ಮಧ್ಯಾಹ್ನದ ಮೇಲೆ ದಡದಲ್ಲಿ ನನಗೆ ಸಿಕ್ಕಿತು ಅದು. ಲಿಂಬೆಹಣ್ಣಿನ ಗಾತ್ರದ ಮಣ್ಣಿನುಂಡೆ, ಒಡೆದರೆ ಹಸಿರುಗಟ್ಟಿದ ಕಂಚು, ಹೊಟ್ಟೆಯಲ್ಲಿ ಸೀಳು, ನೆತ್ತಿಯಲ್ಲಿ ಕಟ್ಟಲು ಕಿವಿ. ಯಾರೂ ಹೇಳಬೇಕಾಗಲಿಲ್ಲ. ಗೆಜ್ಜೆ! ನಮ್ಮ ಅಜ್ಜನ ಮನೆಯ ಎತ್ತಿನ ಕೊರಳಲ್ಲಿದ್ದಂಥದ್ದೇ. ಅಲ್ಲಿ ಕ್ರೋಟಲ್ ಬೆಲ್ ಎನ್ನುತ್ತಾರೆ, ಗಾಡಿ ಕುದುರೆಗೂ ದನಕ್ಕೂ ಕಟ್ಟುತ್ತಿದ್ದರು, ಇಕ್ಕಟ್ಟಿನ ದಾರಿಯಲ್ಲಿ ಎದುರು ಬರುವ ಗಾಡಿಗೆ ತಿಳಿಯಲಿ ಅಂತ. ಕೆಳಗೆ ಆರ್, ಡಬ್ಲ್ಯು ಎರಡು ಅಕ್ಷರ. ವಿಲ್ಟ್‌ಶೈರಿನ ಆಲ್ಡ್‌ಬೋರ್ನ್ ಊರಿನ ರಾಬರ್ಟ್ ವೆಲ್ಸ್, ಹದಿನೆಂಟನೇ ಶತಮಾನದವನು, ತನ್ನ ಗೆಜ್ಜೆಗೆ ಹಾಕುತ್ತಿದ್ದ ಗುರುತು. ಸೀಳಿನಿಂದ ಮಣ್ಣನ್ನು ಹುಲ್ಲುಕಡ್ಡಿಯಲ್ಲಿ ನಿಧಾನ ತೆಗೆದೆ. ಅರ್ಧ ಗಂಟೆ ಹಿಡಿಯಿತು. ಒಳಗಿನ ಕಬ್ಬಿಣದ ಗುಂಡು ತುಕ್ಕಿನಲ್ಲಿ ಅಂಟಿಕೊಂಡಿರುತ್ತದೆ, ಆಸೆ ಇಟ್ಟುಕೊಳ್ಳಬೇಡ ಎಂದಿದ್ದ ಭಾವ. ಅಲುಗಿಸಿದೆ. ಮೊದಲು ಕರಕರ. ಇನ್ನೊಮ್ಮೆ. ಆಮೇಲೆ, ಸಣ್ಣಗೆ, ಗಂಟಲು ಕಟ್ಟಿದವರು ಮಾತಾಡಿದ ಹಾಗೆ, ಕಿಣ್.

ನಾಯಿ ತಲೆ ಎತ್ತಿತು.

ನನಗೆ ಆಗ ಚಳಿ, ಚಿಕ್ಕ ಬೂಟು, ಊಟ ತಪ್ಪಿದ್ದು ಯಾವುದೂ ನೆನಪಿರಲಿಲ್ಲ. ಆಡಿಸಿದೆ, ಆಡಿಸಿದೆ. ನಿಧಿ ಹುಗಿದವನಿಗೆ ಬಚ್ಚಿಟ್ಟೆನೆಂಬ ಸಮಾಧಾನವಾದರೂ ಇತ್ತು. ಗೆಜ್ಜೆ ಬಿದ್ದುಹೋದ ಗಾಡಿಯವನು ಮನೆ ಮುಟ್ಟಿ, ಸದ್ದು ಕಡಿಮೆಯಾಗಿದೆಯಲ್ಲ ಎಂದು ಕುದುರೆಯ ಕೊರಳು ತಡವಿರಬೇಕು.

ಯಜಮಾನರ ಮನೆಯಲ್ಲಿ ಚಹಾ, ಜೊತೆಗೆ ಪ್ಲಮ್ ಹಣ್ಣಿನ ಬಿಸಿ ಕ್ರಂಬಲ್. ಭಾವನ ಪದ್ಧತಿಯಂತೆ ಮೂರು ದಿನದ ಸಾಮಾನೆಲ್ಲ ಅಡುಗೆಮನೆ ಮೇಜಿನ ಮೇಲೆ, ಹಳೇ ಪತ್ರಿಕೆ ಹಾಸಿ. ಮೊದಲ ಆಯ್ಕೆ ನೆಲದವರದು. ನಾನು ಮನಸ್ಸಿನಲ್ಲೇ ಪೆನ್ನಿ ತಗೊಳ್ಳಿ, ಪೆನ್ನಿ ತಗೊಳ್ಳಿ ಎನ್ನುತ್ತಿದ್ದೆ. ಅವರು ಗೆಜ್ಜೆ ತೆಗೆದುಕೊಂಡರು. ಹೊಟ್ಟೆ ಚುರ್ ಎಂದಿತು, ಸುಳ್ಳೇಕೆ. ಉಳಿದದ್ದನ್ನೂ ನಾನು ಊರಿಗೆ ತರುವ ಹಾಗಿರಲಿಲ್ಲ. ಆ ದೇಶದ ನೆಲದಲ್ಲಿ ಸಿಕ್ಕ ಐವತ್ತು ವರ್ಷ ಮೀರಿದ ಪುರಾತನ ವಸ್ತುವನ್ನು ಹೊರಗೊಯ್ಯಲು ರಫ್ತು ಪರವಾನಗಿ ಬೇಕು. ಬೂಟಿನಿಂದ ಹಿಡಿದು ಎಲ್ಲಕ್ಕೂ ಒಂದೊಂದು ಕಾನೂನು ಇರುವ ಹವ್ಯಾಸ ಇದು.

ಬರಿಗೈಲಿ ಹೊರಡುವುದು ಸರಿಯಲ್ಲ ಎಂದು ಅಕ್ಕ ಬೆಳಗ್ಗೆ ಒಂದು ಪೊಟ್ಟಣ ಕಟ್ಟಿಕೊಟ್ಟಿದ್ದಳು, ಆಯಿಯ ಮೆಣಸಿನದೇ. ಯಜಮಾನರ ಹೆಂಡತಿ ಒಂದು ಕಾಳನ್ನು ಹಲ್ಲಲ್ಲಿ ಕಚ್ಚಿ, ಕಣ್ಣೊರೆಸಿಕೊಂಡು, "ಇದು ಅಂಗಡಿಯದ್ದಲ್ಲ" ಎಂದರು.

ನಾಲ್ಕನೇ ದಿನ: ಲೆಕ್ಕ ಒಪ್ಪಿಸಿದ್ದು

ಭಾವ ಜಿಲ್ಲೆಯ ಪುರಾತತ್ವ ಕಚೇರಿಯಲ್ಲಿ ಮೊದಲೇ ಸಮಯ ಕೇಳಿಟ್ಟಿದ್ದ. ಜನರಿಗೆ ಸಿಕ್ಕ ಸಾಮಾನು ದಾಖಲಿಸಲೆಂದೇ ಅಲ್ಲಿ ಒಬ್ಬ ಅಧಿಕಾರಿ ಇರುತ್ತಾರೆ. ಇದು ಕಾನೂನಿನ ಒತ್ತಾಯವಲ್ಲ, ಸ್ವಂತ ಖುಷಿಯಿಂದ ತೋರಿಸುವುದು. 1997ರಲ್ಲಿ ಶುರುವಾದ ಈ ಯೋಜನೆಯ ಪಟ್ಟಿಯಲ್ಲಿ ಈಗ ಹದಿನೈದು ಲಕ್ಷಕ್ಕೂ ಮೀರಿ ವಸ್ತುಗಳಿವೆ. ನಾನು ಸರ್ಕಾರಿ ಕಚೇರಿಯ ಮುಖಭಾವ ನಿರೀಕ್ಷಿಸಿದ್ದೆ. ಚಿಕ್ಕ ಪ್ರಾಯದ ಆ ಹೆಣ್ಣುಮಗಳು ಕಾಲು ಪೆನ್ನಿಯನ್ನು ಸೂಕ್ಷ್ಮದರ್ಶಕದ ಕೆಳಗಿಟ್ಟು "ಓ, ಹಲೋ" ಎಂದು ಅದಕ್ಕೇ ನಮಸ್ಕಾರ ಹೇಳಿದಳು. ಹದಿಮೂರು ಗುಂಡಿಗಳಲ್ಲಿ ಅವಳಿಗೆ ಬೇಕಾದದ್ದು ಒಂದೂ ಇರಲಿಲ್ಲ. ಅವಳಿಗೆ ವಸ್ತುವಿಗಿಂತ ಸಿಕ್ಕಿದ ಜಾಗದ ಅಂಕಿ ಮುಖ್ಯ. ಭಾವನ ಫೋನಿನಲ್ಲಿದ್ದ ಹತ್ತು ಅಂಕಿಯ ಗುರುತು ನೋಡಿ ಇನ್ನಷ್ಟು ಖುಷಿಪಟ್ಟಳು.

ರಾತ್ರಿಯ ವಿಮಾನಕ್ಕೆ ಮುಂಚೆ ಲಂಡನ್ನಿನಲ್ಲಿ ಮೂರು ಗಂಟೆ ಸಿಕ್ಕಿತು. ಚೀಲ ಹೊತ್ತುಕೊಂಡು ಬ್ರಿಟಿಷ್ ಮ್ಯೂಸಿಯಮ್ಮಿನ 49ನೇ ಕೋಣೆಗೆ ಹೋದೆ. ಪ್ರವೇಶ ಉಚಿತ. ದೊಡ್ಡ ಸಾಮಾನಿದ್ದರೆ ಮಾತ್ರ ಒಳಗೆ ಬಿಡುವುದಿಲ್ಲ. ನನ್ನದು ವಿಮಾನದ ಕೈಚೀಲದ ಅಳತೆಯೇ ಆದ್ದರಿಂದ ಪಾರಾದೆ. ಗಾಜಿನ ಹಿಂದೆ ಅವಳು ಇದ್ದಳು, ಹಾಕ್ಸನ್ನಿನ ಮೆಣಸಿನ ಡಬ್ಬಿಗಳಲ್ಲೊಂದು: ಬೆಳ್ಳಿ ಹೆಂಗಸು, ಗೇಣಿಗಿಂತ ಚಿಕ್ಕವಳು, ಎತ್ತರದ ತುರುಬು, ಕೈಯಲ್ಲಿ ಸುರುಳಿ. ಮಹಾರಾಣಿ ಎಂದು ಹೆಸರಿಟ್ಟಿದ್ದಾರೆ, ಯಾವ ರಾಣಿಯೂ ಅಲ್ಲವಂತೆ. ಬುಡದಲ್ಲಿ ತಿರುಗುವ ಬಿಲ್ಲೆ. ಒಂದು ಕಡೆ ತಿರುಗಿಸಿದರೆ ತುಂಬಬಹುದು, ಇನ್ನೊಂದು ಕಡೆ ಉದುರಿಸಬಹುದು, ಮತ್ತೊಂದು ಕಡೆ ಮುಚ್ಚಿಕೊಳ್ಳುತ್ತದೆ. ಬಗ್ಗಿ ಬಗ್ಗಿ ನೋಡಿದೆ. ಪಕ್ಕದಲ್ಲಿ ಶಾಲೆಯ ಹುಡುಗನೊಬ್ಬ ಗೆಳೆಯನಿಗೆ "ಪೆಪ್ಪರ್ ಅಷ್ಟೇ" ಎಂದು ಹೇಳಿ ಮಮ್ಮಿ ಇರುವ ಕೋಣೆಗೆ ಓಡಿದ.

ಊರಿಗೆ ಬಂದು ಮೂರು ವಾರದ ಮೇಲೆ ಭಾವನ ಮೆಸೇಜು. ಗದ್ದೆಯಲ್ಲಿ ಬಿತ್ತನೆ ಮುಗಿದಿದೆ, ಇನ್ನು ಮುಂದಿನ ಕೊಯ್ಲಿನ ತನಕ ಅಲ್ಲಿ ಕಾಲಿಡುವಂತಿಲ್ಲ. ಗೆಜ್ಜೆಯನ್ನು ಯಜಮಾನರು ಹಿತ್ತಲ ಬಾಗಿಲಿಗೆ ಕಟ್ಟಿದ್ದಾರೆ. ನಾಯಿಗೆ ಹೊರಗೆ ಹೋಗಬೇಕೆನಿಸಿದರೆ ಮೂತಿಯಲ್ಲಿ ತಟ್ಟಿ ಸದ್ದು ಮಾಡುತ್ತದಂತೆ. ಕೊನೆಯಲ್ಲಿ ಒಂದು ಸಾಲು: ಮೆಣಸು ಮುಗೀತಂತೆ, ಇನ್ನಷ್ಟು ಸಿಗ್ತದಾ ಅಂತ ಕೇಳ್ತಿದ್ದಾರೆ.

ಆಯಿಗೆ ಓದಿ ಹೇಳಿದೆ. ಅವಳು ಆಗಲೇ ಡಬ್ಬಿ ಹುಡುಕಲು ಎದ್ದಿದ್ದಳು.